ಮನೆಯ ವಿಮೆಯೂ ತೊಟ್ಟಿಯ ಮೀನೂ

ಈಚಿನ ವರುಷಗಳಲ್ಲಿ ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಮನೆಗಳ ಚಾವಡಿಯಲ್ಲಿ ಹೊಸತೊಂದು ವಸ್ತು ಬಂದು ಕುಳಿತಿದೆ. ಅದು ಮೀನಿನ ಗಾಜಿನ ತೊಟ್ಟಿ. ಅದರೊಳಗೆ ಬಂಗಾರ ಬಣ್ಣದ ಗೋಲ್ಡ್‌ಫಿಶ್, ಗಪ್ಪಿ, ಮೋಲಿ, ಏಂಜೆಲ್. ಒಂಟಿಯಾಗಿಯೇ ಇಡಬೇಕಾದ ಜಗಳಗಂಟ ಫೈಟರ್. ಹಿಂದೆ ಪೇಟೆಯ ವೈದ್ಯರಲ್ಲಿ, ದೊಡ್ಡ ಹೋಟೆಲುಗಳಲ್ಲಿ ಮಾತ್ರ ಕಾಣುತ್ತಿದ್ದ ಈ ತೊಟ್ಟಿ ಈಗ ಅಡಿಕೆ ಹರಡಿದ ಅಂಗಳವನ್ನು ದಾಟಿ ಒಳಗೆ ಬಂದಿದೆ. ಕೆಲವರು ಇಷ್ಟಕ್ಕೇ ನಿಲ್ಲದೆ ಹಿತ್ತಿಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿ, ಇಲ್ಲವೆ ಟಾರ್ಪಾಲು ಹಾಸಿದ ಹೊಂಡ ಮಾಡಿ, ಬಣ್ಣದ ಮೀನಿನ ಮರಿಗಳನ್ನು ಬೆಳೆಸಿ ಪೇಟೆಯ ಅಂಗಡಿಗೆ ಕೊಡುತ್ತಾರೆ. ತೋಟದ ಕೆರೆಯಲ್ಲಿ ಕಾಟ್ಲ, ರೋಹು ಬಿಟ್ಟವರೂ ಉಂಟು. ಅಡಿಕೆಯ ದರ ಏರಿಳಿಯುವ ಈ ಕಾಲದಲ್ಲಿ ಇದು ಒಳ್ಳೆಯದೇ. ಆದರೆ ಮೀನು ಮನೆಗೆ ಬಂದಂದಿನಿಂದ ನಮ್ಮನ್ನು ದಾರಿಯಲ್ಲಿ ತಡೆದು ಕೇಳುವ ಪ್ರಶ್ನೆಯೊಂದು ಹೆಚ್ಚಾಗಿದೆ: "ಮಾಸ್ಟ್ರೆ, ಮನೆಗೆ ಇನ್ಶೂರೆನ್ಸ್ ಉಂಟಲ್ಲ, ಮೀನಿನ ತೊಟ್ಟಿ ಒಡೆದು ಹೋದರೆ ಹಣ ಸಿಗ್ತದಾ?"

ಚಿಕ್ಕ ಉತ್ತರ ಇಷ್ಟು: ಗಾಜಿಗೆ ಸಿಗಬಹುದು, ಮೀನಿಗೆ ಸಿಗದು. ಇದು ಬರಿಯ ಬಣ್ಣದ ಮೀನಿನ ಪ್ರಶ್ನೆ, ನಮಗೇನು ಎಂದು ವಾಚಕರು ಪುಟ ಮಗುಚಬಾರದು. ತೊಟ್ಟಿಯ ಮೀನಿಗೆ ಯಾವ ಮಾತೋ ಹಟ್ಟಿಯ ಹಸುವಿಗೂ, ಗೂಡಿನ ಕೋಳಿಗೂ, ಕೆರೆಯ ರೋಹುವಿಗೂ ಅದೇ ಮಾತು. ಮನೆ ಕಟ್ಟಲು ಬ್ಯಾಂಕಿನಿಂದ ಸಾಲ ತೆಗೆದವರ ಕಾಗದದ ಕಟ್ಟಿನಲ್ಲಿ ವಿಮೆಯ ಪತ್ರವೂ ಒಂದು ಸೇರಿರುವುದು ಸಾಮಾನ್ಯ. ಅದು ಇಂಗ್ಲಿಷಿನಲ್ಲಿರುತ್ತದೆ, ಬ್ಯಾಂಕಿನವರು ವಿವರಿಸಿದರೆ ಮಲಯಾಳದಲ್ಲಿ ವಿವರಿಸುತ್ತಾರೆ. ಸಾಲಗಾರ ತಲೆಯಾಡಿಸಿ ರುಜು ಹಾಕಿ ತಂದು ಪೆಟ್ಟಿಗೆಯ ತಳದಲ್ಲಿಡುತ್ತಾನೆ. ಮಾಡಿನ ಕೆಳಗಿರುವುದೆಲ್ಲಕ್ಕೂ ವಿಮೆ ಉಂಟೆಂದು ನಿಶ್ಚಿಂತನಾಗಿರುತ್ತಾನೆ. ಹಾಗಲ್ಲವೆಂದು ತಿಳಿಯುವುದು ನೆರೆ ಇಳಿದ ಮೇಲೆ, ಇಲ್ಲವೆ ಹಟ್ಟಿಗೆ ಸಿಡಿಲು ಬಡಿದ ಮರುದಿನ. ಆಗ ತಿಳಿದು ಪ್ರಯೋಜನವಿಲ್ಲವಾದ ಕಾರಣ ಈಗಲೇ ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಮನೆಯ ವಿಮೆ ಹುಟ್ಟಿದ್ದು ಬೆಂಕಿಯ ಭಯದಿಂದ. 1666ನೆಯ ಇಸವಿ ಸೆಪ್ಟೆಂಬರಿನಲ್ಲಿ ಲಂಡನ್ ಪಟ್ಟಣಕ್ಕೆ ಬೆಂಕಿ ಬಿದ್ದು 13,000ಕ್ಕೂ ಮಿಕ್ಕಿದ ಮನೆಗಳು ಬೂದಿಯಾದವು. ಪಟ್ಟಣವನ್ನು ಹೊಸದಾಗಿ ಕಟ್ಟುವಾಗ ನಿಕೋಲಸ್ ಬಾರ್ಬನ್ ಎಂಬವನು, ವೈದ್ಯವಿದ್ಯೆ ಕಲಿತು ಮನೆ ಕಟ್ಟುವ ವ್ಯಾಪಾರಕ್ಕಿಳಿದವನು, 1680ರ ಸುಮಾರಿಗೆ ಬೆಂಕಿವಿಮೆಯ ಕಚೇರಿಯೊಂದನ್ನು ತೆರೆದನು. ಆ ಕಾಲದ ಇಂಥ ಕಚೇರಿಗಳು ತಮ್ಮಲ್ಲಿ ವಿಮೆ ಮಾಡಿದ ಮನೆಯ ಗೋಡೆಗೆ ಸೀಸದ ಬಿಲ್ಲೆಯೊಂದನ್ನು ಬಡಿಯುತ್ತಿದ್ದವು. ಬಿಲ್ಲೆ ಬಡಿದದ್ದು ಗೋಡೆಗೆ ಎಂಬುದನ್ನು ಗಮನಿಸಬೇಕು. ಮೊದಲು ಗೋಡೆ, ಆ ಮೇಲೆ ಗೋಡೆಯೊಳಗಿನ ಸಾಮಾನು. ಇವೆರಡಕ್ಕೂ ಕ್ರಯ ಕಟ್ಟಬಹುದು, ಸುಟ್ಟರೆ ಸುಟ್ಟದ್ದು ಕಣ್ಣಿಗೆ ಕಾಣುತ್ತದೆ. ಜೀವ ಇರುವುದರ ಸಂಗತಿ ಹಾಗಲ್ಲ. ಅದು ಬೆಂಕಿಯಿಲ್ಲದೆಯೂ ಸಾಯುತ್ತದೆ. ಆದುದರಿಂದ ಅದು ಮೊದಲಿನಿಂದಲೂ ಈ ಲೆಕ್ಕದಿಂದ ಹೊರಗುಳಿಯಿತು.

ಗಾಜಿನ ತೊಟ್ಟಿಯ ಹವ್ಯಾಸ ಬಹಳ ಬೆಳೆದಿರುವ ಅಮೆರಿಕದಲ್ಲಿ ಇದನ್ನು ಬಿಚ್ಚಿಯೇ ಹೇಳಿದ್ದಾರೆ. ಅಲ್ಲಿ ಹೆಚ್ಚಾಗಿ ಚಾಲ್ತಿಯಲ್ಲಿರುವ ಮನೆವಿಮೆಯ ಮಾದರಿ ಪತ್ರದಲ್ಲಿ 'ರಕ್ಷಣೆಗೆ ಒಳಪಡದ ಸ್ವತ್ತು' ಎಂಬ ಪಟ್ಟಿಯೊಂದಿದೆ. ಅದರಲ್ಲಿ ಪ್ರಾಣಿ, ಪಕ್ಷಿ, ಮೀನು ಎಂದು ಮೂರನ್ನೂ ಹೆಸರಿಸಿಬಿಟ್ಟಿದ್ದಾರೆ. ಸಮುದ್ರದ ಉಪ್ಪುನೀರು, ಹವಳ, ದೂರದೇಶದ ಮೀನು ಎಂದು ಡಾಲರುಗಳನ್ನು ಸುರಿದು ತೊಟ್ಟಿ ಮಾಡಿಸಿದವನಿಗೂ, ಸಣ್ಣ ಗಾಜಿನ ಬುರುಡೆಯಲ್ಲಿ ಒಂದು ಮೀನು ಇಟ್ಟ ಮಗುವಿಗೂ ಇದೇ ಕಾನೂನು. ತೊಟ್ಟಿ, ಪಂಪು, ದೀಪ ಇವು ಮನೆಯ ಸಾಮಾನುಗಳೊಳಗೆ ಸೇರುತ್ತವೆ. ಒಳಗಿನ ಜೀವ ಸೇರುವುದಿಲ್ಲ.

ನಮ್ಮ ದೇಶದಲ್ಲಿ 2021ನೆಯ ಎಪ್ರಿಲ್ 1ರಿಂದ 'ಭಾರತ ಗೃಹ ರಕ್ಷಾ' ಎಂಬ ಮಾದರಿ ಮನೆವಿಮೆ ಜಾರಿಗೆ ಬಂದಿದೆ. ವಿಮಾ ನಿಯಂತ್ರಣ ಪ್ರಾಧಿಕಾರವೇ ಇದರ ಷರತ್ತುಗಳನ್ನು ಬರೆದುಕೊಟ್ಟಿರುವುದರಿಂದ ಬೆಂಕಿವಿಮೆ ಮಾರುವ ಯಾವ ಕಂಪೆನಿಯಲ್ಲಿ ಕೇಳಿದರೂ ಮೂಲಪತ್ರ ಒಂದೇ. ಕಾಸರಗೋಡಿನಲ್ಲಿ ಕೊಂಡರೂ, ತಾಳವಾಡಿಯಲ್ಲಿ ಕೊಂಡರೂ, ಅಕ್ಕಲಕೋಟೆಯಲ್ಲಿ ಕೊಂಡರೂ ಅದೇ. ಗಡಿಯಾಚೆ ಈಚೆ ಎಂಬ ಭೇದವಿಲ್ಲದ ಕಾಗದ ಇದೊಂದಾದರೂ ಉಂಟಲ್ಲ ಎಂದು ನಮಗೆ ಸಮಾಧಾನ.

ಈ ಪತ್ರ ಯಾವ ಯಾವ ಆಪತ್ತಿಗೆ ಹಣ ಕೊಡುತ್ತದೆ? ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಗುಡ್ಡ ಜರಿತ, ಕಾಡುಕಿಚ್ಚು, ಮರವೋ ವಾಹನವೋ ಬಂದು ಬಿದ್ದು ಆದ ಹಾನಿ, ದಂಗೆ, ನೀರಿನ ಟಾಂಕಿ ಅಥವಾ ಪೈಪು ಒಡೆದು ಉಕ್ಕಿದ ಹಾನಿ. ಇಂಥ ಆಪತ್ತಿನ ಗಡಿಬಿಡಿಯಲ್ಲಿ ಏಳು ದಿನಗಳೊಳಗೆ ನಡೆದ ಕಳವು. ಪಟ್ಟಿ ಉದಾರವಾಗಿಯೇ ಇದೆ. 'ಮನೆ' ಎಂಬ ಮಾತಿಗೆ ಕೊಟ್ಟ ಅರ್ಥವೂ ವಿಶಾಲವಾದುದು. ಗೋಡೆ, ಮಾಡು ಮಾತ್ರವಲ್ಲದೆ ಜಗಲಿ, ಆವರಣದ ಗೋಡೆ, ಗೇಟು, ಗೋಬರ್ ಗ್ಯಾಸಿನ ಹೊಂಡ, ಸ್ಥಿರವಾಗಿ ಕಟ್ಟಿದ ನೀರಿನ ಟಾಂಕಿ, ಸೌರಫಲಕ ಇವೂ ಅದರೊಳಗೆ ಬರುತ್ತವೆ. ಹೊರಮನೆಯೂ ಬರುತ್ತದೆ, ಆದರೆ ಜನ ವಾಸ ಮಾಡುವ ಹೊರಮನೆ ಮಾತ್ರ. ಪಟ್ಟಿಯಲ್ಲಿ ದನದ ಹಟ್ಟಿಯ ಹೆಸರಿಲ್ಲ. ಆದ್ದರಿಂದ ಹಟ್ಟಿಯ ಮಾಡನ್ನೂ ಸೇರಿಸಬೇಕೆಂದಿರುವವರು ಅದನ್ನು ಕೇಳಿ ಬರೆಯಿಸಿಕೊಳ್ಳಬೇಕು.

ಇನ್ನು ಒಳಗಿನ ಸಾಮಾನು. ಮನೆಯ ಕಟ್ಟಡಕ್ಕೆ ವಿಮೆ ಮಾಡಿಸಿದರೆ, ಅದರ ಮೊತ್ತದ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿಯವರೆಗೆ, ಸಾಮಾನುಗಳಿಗೆ ಪಟ್ಟಿ ಕೊಡದೆಯೇ ರಕ್ಷಣೆ ದೊರೆಯುತ್ತದೆ. ಒಂದು ಮನೆಯ ಒಳವಿಸ್ತೀರ್ಣ 1,000 ಚದರಡಿ, ಈಗ ಕಟ್ಟಿದರೆ ಚದರಡಿಗೆ 2,000 ರೂಪಾಯಿ ಬೀಳುತ್ತದೆಂದು ಇಟ್ಟುಕೊಳ್ಳೋಣ. ಕಟ್ಟಡದ ಮೊತ್ತ 20 ಲಕ್ಷ, ಸಾಮಾನಿಗೆ 4 ಲಕ್ಷ. ಸಾಮಾನೆಂದರೆ ಏನೆಂಬುದನ್ನೂ ಬರೆದಿದ್ದಾರೆ: ಮೇಜು ಕುರ್ಚಿ, ಟೀವಿ, ನೀರು ಶೇಖರಿಸುವ ಸಲಕರಣೆ, ಅಡಿಗೆಯ ಸಲಕರಣೆ, ವಿದ್ಯುತ್ ಉಪಕರಣ, ಬಟ್ಟೆಬರೆ, ಮತ್ತು ಇಂಥವೇ ಆದ ಮನೆಬಳಕೆಯ ವಸ್ತುಗಳು. ಗಾಜಿನ ತೊಟ್ಟಿ, ಅದರ ಮೇಜು, ಗಾಳಿ ಊದುವ ಪಂಪು, ನೀರು ಸೋಸುವ ಫಿಲ್ಟರು, ದೀಪ ಇವು 'ಇಂಥವೇ ಆದ' ಎಂಬ ಮಾತಿನೊಳಗೆ ಸೇರುತ್ತವೆಂದು ವಾದಿಸಲು ಯಾವ ಅಡ್ಡಿಯೂ ಇಲ್ಲ. ಆದರೆ ಕುರ್ಚಿ, ಟೀವಿ, ಬಟ್ಟೆಗಳ ಸಾಲಿನಲ್ಲಿ ಮೀನನ್ನು ಕೂರಿಸಲು ಯಾವ ವಕೀಲನಿಗೂ ಕಷ್ಟ.

ಈಗ ಒಂದು ಉದಾಹರಣೆ. ಆಟಿ ತಿಂಗಳ ಗಾಳಿಮಳೆಗೆ ಅಂಗಳದ ತೆಂಗಿನ ಮರವೊಂದು ಬುಡ ಸಹಿತ ಮನೆಯ ಮೇಲೆ ಉರುಳಿತು. ಹಂಚು, ಪಕ್ಕಾಸು ಮುರಿದು ಚಾವಡಿಯೊಳಗೆ ಬಿದ್ದವು. ಗಾಜಿನ ತೊಟ್ಟಿ ಪುಡಿಯಾಯಿತು. ಮೂವತ್ತು ಮೀನು ಸಿಮೆಂಟಿನ ನೆಲದ ಮೇಲೆ ಒದ್ದಾಡಿ ಸತ್ತವು. ತೊಟ್ಟಿಯ ನೀರು ಹರಿದು ಪಕ್ಕದ ಕಪಾಟಿನ ಬುಡ ಉಬ್ಬಿತು. ಹಟ್ಟಿಯ ಮೇಲೂ ಒಂದು ಕೊಂಬು ಬಿದ್ದು ಕರುವಿನ ಕಾಲು ಮುರಿಯಿತು. ಸರ್ವೇಯರನು ಬಂದು ಬರೆದುಕೊಳ್ಳುತ್ತಾನೆ. ಮಾಡಿಗೆ ಉಂಟು. ಕಪಾಟಿಗೆ ಉಂಟು. ತೊಟ್ಟಿಗೆ, ಕೊಂಡ ರಶೀದಿಯೋ ಫೋಟೋವೋ ತೋರಿಸಿದರೆ, ಉಂಟು. ಬಿದ್ದ ಮರ, ಮುರಿದ ಸಾಮಾನು ಎಳೆದು ತೆಗೆಸಿದ ಖರ್ಚಿಗೂ ಕ್ಲೈಮಿನ ಶೇಕಡಾ 2ರವರೆಗೆ ಉಂಟು. ಮೂವತ್ತು ಮೀನಿಗೂ ಕರುವಿಗೂ ಅವನ ಪುಸ್ತಕದಲ್ಲಿ ಅಂಕಣವೇ ಇಲ್ಲ.

ಆಪತ್ತು ಪಟ್ಟಿಯಲ್ಲಿದ್ದಾಗ ಸಂಗತಿ ಹೀಗಾದರೆ, ಪಟ್ಟಿಯಲ್ಲಿಲ್ಲದ ಆಪತ್ತಿನ ಮಾತೇನು? ತೊಟ್ಟಿಯ ಮೀನು ಸಾಯುವುದು ಮರ ಬಿದ್ದು ಅಲ್ಲ. ಕರೆಂಟು ಹೋಗಿ ಸಾಯುವುದುಂಟು. ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಪ್ರಾಣವಾಯುವನ್ನು. ನೀರು ಬಿಸಿಯಾದಷ್ಟೂ ಅದರಲ್ಲಿ ಈ ವಾಯು ಕಡಿಮೆ ಕರಗುತ್ತದೆ. 20 ಡಿಗ್ರಿ ಸೆಂಟಿಗ್ರೇಡಿನ ಒಂದು ಲೀಟರ್ ಸಿಹಿನೀರಿನಲ್ಲಿ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಕರಗಬಲ್ಲುದು. 30 ಡಿಗ್ರಿಗೆ ಏರಿದರೆ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ನಮ್ಮ ಬೇಸಗೆಯಲ್ಲಿ 30 ಡಿಗ್ರಿ ಏನೂ ವಿಶೇಷವಲ್ಲ. ತುಂಬಿದ ತೊಟ್ಟಿಯಲ್ಲಿ ಪಂಪು ನಿಂತು ರಾತ್ರಿ ಕಳೆದರೆ ಬೆಳಗಾಗುವಾಗ ಮೀನುಗಳು ಮೇಲೆ ತೇಲುತ್ತಿರುತ್ತವೆ. ಕರೆಂಟು ಕಡಿತ ವಿಮೆಯ ಪಟ್ಟಿಯಲ್ಲಿರುವ ಆಪತ್ತಲ್ಲ. ಇನ್ನೂ ಒಂದು: ವಿದ್ಯುತ್ತಿನ ಒತ್ತಡ ಏರಿಯೋ ಶಾರ್ಟ್ ಸರ್ಕಿಟ್ ಆಗಿಯೋ ಪಂಪು ತಾನೇ ಸುಟ್ಟುಹೋದರೆ ಆ ಪಂಪಿಗೂ ಹಣವಿಲ್ಲ. ಆ ಯಂತ್ರವನ್ನು ಪತ್ರದಲ್ಲಿ ಸ್ಪಷ್ಟವಾಗಿ ಹೊರಗಿಟ್ಟಿದ್ದಾರೆ. ಸಿಡಿಲಿನಿಂದ ವಿದ್ಯುತ್ ಹರಿದು ಸುಟ್ಟರೂ ಹಾಗೆಯೇ. ಆದರೆ ಅದರಿಂದ ಹೊತ್ತಿದ ಬೆಂಕಿ ಪರದೆಗೆ, ಕಪಾಟಿಗೆ ಹಬ್ಬಿದರೆ ಆ ಪರದೆ, ಕಪಾಟಿಗೆ ಉಂಟು. ನಮ್ಮ ಕಡೆ ತುಲಾ ತಿಂಗಳ ಗುಡುಗು ಸಿಡಿಲು ಎಷ್ಟು ಮನೆಗಳ ಟೀವಿ, ಫ್ರಿಜ್ಜುಗಳನ್ನು ತಿಂದಿದೆ ಎಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ಈ ಒಂದು ಷರತ್ತನ್ನಾದರೂ ನೆನಪಿನಲ್ಲಿಡಬೇಕು.

ತೊಟ್ಟಿ ತಾನಾಗಿ ಸೋರಿದರೆ, ಬಿರುಕು ಬಿಟ್ಟು ಒಡೆದರೆ? ಇಲ್ಲಿ ಪತ್ರದ ಭಾಷೆ ಸ್ವಲ್ಪ ಮಸುಕಾಗಿದೆ. 'ನೀರಿನ ಟಾಂಕಿ, ಉಪಕರಣ, ಪೈಪು ಒಡೆದು ಉಕ್ಕುವುದು' ಎಂದು ಬರೆದವರ ಕಣ್ಣಮುಂದಿದ್ದದ್ದು ತಾರಸಿಯ ಮೇಲಿನ ನೀರಿನ ಟಾಂಕಿ. ಮೀನಿನ ತೊಟ್ಟಿ ಇದರೊಳಗೆ ಬರುತ್ತದೆಯೋ ಇಲ್ಲವೋ ಎಂದು ಹೇಳಿಲ್ಲ. ಕಂಪೆನಿಯವನು ಇಲ್ಲವೆಂದರೂ ಎನ್ನಬಹುದು. ದೊಡ್ಡ ತೊಟ್ಟಿ ಇರುವವರು ವಿಮೆ ಕೊಳ್ಳುವಾಗಲೇ ಈ ಪ್ರಶ್ನೆಯನ್ನು ಪತ್ರ ಬರೆದು ಕೇಳಿ, ಉತ್ತರವನ್ನೂ ಬರೆಹದಲ್ಲಿಯೇ ಪಡೆಯಬೇಕು. ಏಜೆಂಟನು ಬಾಯಿಯಲ್ಲಿ ಹೇಳಿದ "ಎಲ್ಲಾ ಬರ್ತದೆ" ಎಂಬ ಮಾತು ಕ್ಲೈಮಿನ ದಿವಸ ಎಲ್ಲಿಯೂ ಕಾಣಸಿಗುವುದಿಲ್ಲ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಮೂರನೆಯ ಮಾಳಿಗೆಯಲ್ಲಿ ವಾಸವಾಗಿರುವ ನಮ್ಮ ಮಕ್ಕಳಿಗೆ ಇದು ಇನ್ನೂ ಮುಖ್ಯ. ತೊಟ್ಟಿ ಒಡೆದು ಕೆಳಗಿನ ಮನೆಯವರ ಮಾಡು ನೆನೆದು ಅವರ ಸಾಮಾನು ಕೆಟ್ಟರೆ ಅದರ ಹೊಣೆ ತೊಟ್ಟಿಯವನ ತಲೆಗೆ ಬರುತ್ತದೆ. ಅನ್ಯರಿಗೆ ಆದ ಹಾನಿಯನ್ನು ಭಾರತ ಗೃಹ ರಕ್ಷಾದ ಮೂಲಪತ್ರ ಹೊರುವುದಿಲ್ಲ. ಅದಕ್ಕೆ ಹೊಣೆಗಾರಿಕೆಯ ವಿಮೆಯೆಂದು ಬೇರೆಯೇ ಇದೆ.

ನೀರಿನ ಭಾರ ಎಷ್ಟೆಂಬುದು ಅನೇಕರಿಗೆ ತಿಳಿಯದು. ನಮ್ಮ ಶಾಲೆಯ ಏಳನೆಯ ತರಗತಿಗೆ ಇದನ್ನೇ ಲೆಕ್ಕವಾಗಿ ಕೊಟ್ಟಿದ್ದೆವು. ಉದ್ದ 90, ಅಗಲ 40, ಎತ್ತರ 45 ಸೆಂಟಿಮೀಟರಿನ ತೊಟ್ಟಿಯಲ್ಲಿ 162 ಲೀಟರ್ ನೀರು, ಅಂದರೆ 162 ಕಿಲೋ. ಗಾಜು, ಮರಳು, ಕಲ್ಲು ಸೇರಿದರೆ ಇನ್ನೂ ಹೆಚ್ಚು. ಇಷ್ಟು ಭಾರದ ಅಕ್ಕಿ ಮುಡಿಗಳನ್ನು ಟೀವಿ ಇಡುವ ತೆಳ್ಳಗಿನ ಹಲಗೆಯ ಮೇಲೆ ಯಾರೂ ಇಡಲಾರರು. ಆದರೆ ನೀರನ್ನು ಇಡುತ್ತಾರೆ. ಆ ತರಗತಿಯ ಹುಡುಗಿಯೊಬ್ಬಳು ಲೆಕ್ಕ ಮುಗಿಸಿದ ಮೇಲೆ ಕೇಳಿದಳು: "ಸರ್, ತೊಟ್ಟಿಯ ನೀರನ್ನು ಲೆಕ್ಕ ಮಾಡಬಹುದು. ಸತ್ತ ಮೇಲೆ ಮೀನನ್ನು ಲೆಕ್ಕ ಮಾಡುವುದು ಯಾರು?"

ವಿಮೆಯ ಕಂಪೆನಿಗಳೂ ಕೇಳುವುದು ಇದನ್ನೇ. ಹಸುವಾದರೆ ಒಂದು, ಎರಡು ಎಂದು ಎಣಿಸಬಹುದು. ಕಿವಿಯೋಲೆ ಹಾಕಿ ಗುರುತಿಸಬಹುದು. ಮೀನಿಗೆ ಕಿವಿಯೂ ಇಲ್ಲ, ಓಲೆಯೂ ಇಲ್ಲ. ಮೂವತ್ತಿತ್ತೋ ಮುನ್ನೂರಿತ್ತೋ ಎಂಬುದಕ್ಕೆ ಸಾಕ್ಷಿಯಿಲ್ಲ. ಇಂದು ಸತ್ತ ಗಪ್ಪಿ ನಿನ್ನೆ ಕೊಂಡದ್ದೋ, ಎರಡು ವರುಷ ಬದುಕಿ ಮುಪ್ಪಾದದ್ದೋ ತಿಳಿಯುವುದು ಕಷ್ಟ. ಎಲ್ಲಕ್ಕಿಂತ ಹೆಚ್ಚಾಗಿ, ಮೀನಿನ ಆಯುಷ್ಯ ಸಾಕುವವನ ಕೈಯಲ್ಲಿದೆ. ಹೆಚ್ಚು ಆಹಾರ ಹಾಕಿ ನೀರು ಕೆಡಿಸುವುದು, ಕ್ಲೋರಿನ್ ಹಾಕಿದ ನಳ್ಳಿನೀರನ್ನು ಹಾಗೆಯೇ ಸುರಿಯುವುದು, ಹೊಸ ಮೀನಿನ ಜೊತೆ ರೋಗ ತರುವುದು, ಇವೇ ಸಾಮಾನ್ಯ ಕಾರಣಗಳು. ಚಾವಡಿಯ ತೊಟ್ಟಿಯ ಮೀನಿಗೆಂದು ಸಾಮಾನ್ಯರ ಕೈಗೆಟಕುವ ವಿಮೆ ನಮ್ಮ ಪೇಟೆಗಳಲ್ಲಿ ಸಿಗದಿರುವುದಕ್ಕೆ ಇದೇ ಕಾರಣ. ನಾಯಿಗೆ ವಿಮೆ ಮಾರುವ ಕಂಪೆನಿಗಳು ಈಗ ಉಂಟು; ನಾಯಿಯ ಮೂತಿ ನೋಡಿ ಗುರುತು ಹಿಡಿಯಬಹುದಲ್ಲ! ಚಾವಡಿಯ ಮೀನಿನ ನಷ್ಟವನ್ನು ನಾವೇ ಹೊರಬೇಕೆಂದು ತಿಳಿದು, ಆ ಹಣದಲ್ಲಿ ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿಪಂಪೊಂದನ್ನು ಕೊಂಡಿಡುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಬೆಲೆಬಾಳುವ ಮೀನು ಸಾಕುವವರಿಗೆ ಒಂದು ಮಾತು. ಏಷ್ಯಾದ ಅರೋವಾನಾ ಮೀನು ಅಂತಾರಾಷ್ಟ್ರೀಯ ಒಪ್ಪಂದದಿಂದ ರಕ್ಷಿತವಾದುದು. 2022ರಲ್ಲಿ ತಿದ್ದಿದ ವನ್ಯಜೀವಿ ಕಾಯಿದೆ ಮತ್ತು 2024ರ ನಿಯಮಗಳ ಪ್ರಕಾರ ಇಂಥ ಜೀವಿಗಳನ್ನು ಇಟ್ಟುಕೊಂಡವರು ಸರಕಾರದಲ್ಲಿ ನೋಂದಾಯಿಸಬೇಕು. ವಿಮೆಯ ಪ್ರಶ್ನೆ ಆಮೇಲಿನದು, ಮೊದಲು ಕಾಗದ ಸರಿಯಿರಲಿ.

ಮಾರಾಟಕ್ಕೆ ಬೆಳೆಸುವವರ ಸಂಗತಿ

ಹಿತ್ತಿಲಲ್ಲಿ ಹತ್ತು ತೊಟ್ಟಿ ಇಟ್ಟು ಬಣ್ಣದ ಮೀನು ಮಾರುವವರಿಗೆ ಇನ್ನೊಂದು ತೊಡಕು. ಮನೆಯ ವಿಮೆ ವಾಸದ ಮನೆಗೆ, ಮನೆಬಳಕೆಯ ಸಾಮಾನಿಗೆ ಸೇರಿದ್ದು. ವ್ಯಾಪಾರದ ತೊಟ್ಟಿ, ಪಂಪು, ಜನರೇಟರುಗಳು ಮನೆಬಳಕೆಯವಲ್ಲವೆಂದು ತಳ್ಳಿಬಿಡಬಹುದು. 5 ಕೋಟಿ ರೂಪಾಯಿಯೊಳಗಿನ ಸಣ್ಣ ಉದ್ಯಮಗಳಿಗೆಂದು 'ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಇನ್ನೊಂದು ಮಾದರಿ ವಿಮೆ ಅದೇ 2021ರ ಎಪ್ರಿಲಿನಿಂದ ಬಂದಿದೆ. ವ್ಯಾಪಾರಸ್ಥರು ಕೇಳಬೇಕಾದದ್ದು ಅದನ್ನು. ಅದರಲ್ಲಿಯೂ ಕಟ್ಟಡ, ಯಂತ್ರ, ದಾಸ್ತಾನು ಎಂದು ಬರೆಯುವಾಗ 'ಜೀವಂತ ಮೀನು ದಾಸ್ತಾನಿನಲ್ಲಿ ಸೇರುತ್ತದೆಯೋ' ಎಂದು ಬಿಡಿಸಿ ಕೇಳದೆ ರುಜು ಹಾಕಬಾರದು.

ಕೆರೆಯಲ್ಲಿ ಊಟದ ಮೀನು ಸಾಕುವವರಿಗೆ ಈಗ ದಾರಿಯೊಂದು ತೆರೆದಿದೆ. 2024ನೆಯ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಒಪ್ಪಿದ 'ಪ್ರಧಾನಮಂತ್ರಿ ಮತ್ಸ್ಯ ಕಿಸಾನ್ ಸಮೃದ್ಧಿ ಸಹಯೋಜನೆ'ಯಲ್ಲಿ ಮೀನುಕೃಷಿಯ ವಿಮೆಗೆ ಸಹಾಯಧನ ಇಟ್ಟಿದ್ದಾರೆ. ಯೋಜನೆಯ ಅವಧಿ 2023-24ರಿಂದ 2026-27ರವರೆಗೆ. ನೀರು ನಿಂತ ಜಾಗ 4 ಹೆಕ್ಟೇರಿನೊಳಗಿರುವ ಕೃಷಿಕನು ಕನಿಷ್ಠ ಒಂದು ಬೆಳೆಯ ಅವಧಿಗೆ ವಿಮೆ ಕೊಂಡರೆ ವಿಮೆಯ ಕಂತಿನ ಶೇಕಡಾ 40ನ್ನು, ಹೆಕ್ಟೇರಿಗೆ ಹೆಚ್ಚೆಂದರೆ 25,000 ರೂಪಾಯಿಯಂತೆ ಒಟ್ಟು 1 ಲಕ್ಷ ಮೀರದಂತೆ, ಒಂದು ಸಲಕ್ಕೆ ಸರಕಾರ ಕೊಡುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹೆಂಗಸರಿಗೂ ಇದರ ಮೇಲೆ ಶೇಕಡಾ 10 ಹೆಚ್ಚು. ಬಯೋಫ್ಲಾಕ್ ತೊಟ್ಟಿ, ಪಂಜರ ಮುಂತಾದ ಹೊಸ ವಿಧಾನದವರಿಗೂ 1,800 ಘನ ಮೀಟರಿನವರೆಗೆ ಇದು ಅನ್ವಯಿಸುತ್ತದೆ. ಮೀನುಗಾರಿಕೆಯ ರಾಷ್ಟ್ರೀಯ ಡಿಜಿಟಲ್ ವೇದಿಕೆಯಲ್ಲಿ ಮೊದಲು ಹೆಸರು ನೋಂದಾಯಿಸಿರಬೇಕು. ವಿಮೆಯಲ್ಲಿ ಎರಡು ಬಗೆ: ನೆರೆ ಮುಂತಾದ ಪ್ರಕೃತಿವಿಕೋಪಕ್ಕೆ ಮಾತ್ರ ಇರುವುದೊಂದು, ರೋಗವನ್ನೂ ಸೇರಿಸಿದ್ದೊಂದು. ನಮ್ಮಂಥ ಮಳೆಯ ನಾಡಿನಲ್ಲಿ, ತೋಡಿನ ನೀರು ಉಕ್ಕಿ ಕೆರೆಯ ದಂಡೆ ಮುಳುಗಿ ಮೀನೆಲ್ಲ ಗದ್ದೆಗೆ ಓಡಿಹೋಗುವುದೇ ದೊಡ್ಡ ಭಯ. ಮೀನು ಸಾಯದೆ ತಪ್ಪಿಸಿಕೊಂಡು ಹೋದರೆ ಅದು ನಷ್ಟವೆಂದು ಎಣಿಸಲ್ಪಡುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳತಕ್ಕದ್ದು.

ಹುಡುಗಿ ಕೇಳಿದ ಲೆಕ್ಕದ ಪ್ರಶ್ನೆ ಇಲ್ಲಿಯೂ ಬರುತ್ತದೆ. ಅದಕ್ಕೆ ಪುಸ್ತಕವೇ ಉತ್ತರ. ನಮ್ಮ ತೋಟದ ಕೆರೆಗೆ ಮೀನು ಬಿಟ್ಟ ಮೊದಲ ವರುಷದಿಂದಲೇ ನಾವು ಎರಡು ಕ್ವಯರಿನ ಪುಸ್ತಕವೊಂದನ್ನು ಇಟ್ಟಿದ್ದೇವೆ. ಮರಿ ತಂದ ತಾರೀಕು, ಎಲ್ಲಿಂದ, ಎಷ್ಟು, ರಶೀದಿಯ ನಂಬ್ರ, ತಿಂಗಳಿಗೊಮ್ಮೆ ಬಲೆ ಬೀಸಿ ಹತ್ತು ಮೀನು ತೂಗಿದ ಸರಾಸರಿ, ಹಾಕಿದ ಆಹಾರ, ಸತ್ತು ತೇಲಿದ್ದು ಎಷ್ಟು ಎಂಬ ಲೆಕ್ಕ. ಬರೆಯಲು ವಾರಕ್ಕೆ ಐದು ನಿಮಿಷ ಸಾಕು. ಬಣ್ಣದ ಮೀನು ಮಾರುವವರೂ ಹೀಗೆಯೇ ಇಡಬಹುದು. ಕೈಯಲ್ಲಿ ಮೊಬೈಲು ಇರುವ ಈ ಕಾಲದಲ್ಲಿ ತೊಟ್ಟಿಯ, ಕೆರೆಯ, ಹಟ್ಟಿಯ ಫೋಟೋವನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ ತೆಗೆದು, ದೂರದ ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳುಹಿಸಿಟ್ಟರೆ ಮನೆಯೊಳಗೆ ನೀರು ನುಗ್ಗಿದರೂ ಆ ಸಾಕ್ಷಿ ಉಳಿಯುತ್ತದೆ.

ಹಟ್ಟಿಯ ಹಸುವಿಗೆ ಬೇರೆ ವಿಮೆ ಬಹಳ ಕಾಲದಿಂದ ಇದೆ. ಮಾಡಿಸಿದವರು ಮಾತ್ರ ಕಡಿಮೆ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 2024ರ ಫೆಬ್ರುವರಿಯಿಂದ ರೈತನ ಪಾಲಿನ ಕಂತು ಶೇಕಡಾ 15ಕ್ಕೆ ಇಳಿದಿದೆ. ಉಳಿದುದನ್ನು ಕೇಂದ್ರ, ರಾಜ್ಯಗಳು 60ಕ್ಕೆ 40ರಂತೆ ಹಂಚಿಕೊಳ್ಳುತ್ತವೆ. ಮೊದಲು ರೈತನ ಪಾಲು 20ರಿಂದ 50ರವರೆಗೂ ಇತ್ತು. ನಿಮ್ಮ ಮೃಗಾಸ್ಪತ್ರೆಯಲ್ಲಿ ಈ ವರುಷದ ಯೋಜನೆ ಏನಿದೆಯೆಂದು ವಿಚಾರಿಸಿ. ಇದರಲ್ಲಿ ಕಿವಿಯೋಲೆಯೇ ಪ್ರಾಣ. ಓಲೆ ಬಿದ್ದುಹೋದರೆ ಅಂದೇ ತಿಳಿಸಿ ಹೊಸತು ಹಾಕಿಸಿಕೊಳ್ಳಬೇಕು. ಓಲೆಯಿಲ್ಲದ ಹಸು ಸತ್ತರೆ ಅದು ವಿಮೆಯ ಹಸುವೆಂದು ಯಾರೂ ಒಪ್ಪುವುದಿಲ್ಲ. ಹಸು ಸತ್ತ ಕೂಡಲೇ ಹೂಳಲು ಅವಸರ ಮಾಡಬೇಡಿ. ವೈದ್ಯರು ನೋಡಿ ಬರೆದುಕೊಡಬೇಕು, ಕಂಪೆನಿಗೆ ತಿಳಿಸಬೇಕು, ಓಲೆ ಕಾಣುವಂತೆ ಫೋಟೋ ತೆಗೆಯಬೇಕು. ಮೀನಿಗೂ ಇದೇ ಕ್ರಮ. ಸತ್ತವನ್ನು ಗೊಬ್ಬರದ ಗುಂಡಿಗೆ ಎಸೆಯುವ ಮೊದಲು ಎಣಿಸಿ, ತೂಗಿ, ಫೋಟೋ ತೆಗೆದು, ಮೀನುಗಾರಿಕೆ ಇಲಾಖೆಯವರಿಗೆ ಹೇಳಿ.

ನೆರೆ ಬಂದರೆ ಸರಕಾರ ಕೊಡುತ್ತದಲ್ಲ ಎನ್ನುವವರಿದ್ದಾರೆ. ಕೊಡುತ್ತದೆ. 2022ರಿಂದ 2026ರವರೆಗಿನ ವಿಪತ್ತು ಪರಿಹಾರದ ನಿಯಮದಲ್ಲಿ ಸತ್ತ ಹಾಲುಕೊಡುವ ಹಸು ಎಮ್ಮೆಗೆ 37,500 ರೂಪಾಯಿ, ಕುರಿ ಆಡಿಗೆ 4,000, ಕೋಳಿಗೆ 100 ಎಂದು ಗೊತ್ತುಮಾಡಿದ್ದರು. ಒಂದು ಮನೆಗೆ ದೊಡ್ಡ ಪ್ರಾಣಿ ಮೂರರವರೆಗೆ. ಇದು ಬದುಕು ಮತ್ತೆ ಹಿಡಿಯಲು ಕೊಡುವ ನೆರವೇ ಹೊರತು ಹಸುವಿನ ಕ್ರಯವಲ್ಲ. ಒಳ್ಳೆಯ ಜಾತಿಯ ಹಸುವಿಗೆ ಇದರ ಇಮ್ಮಡಿ ಕೊಟ್ಟವರು ನಮ್ಮಲ್ಲಿ ಬೇಕಷ್ಟಿದ್ದಾರೆ. ಹಟ್ಟಿಗೆ ಮಾತ್ರ ಸಿಡಿಲು ಬಡಿದು ಒಂದೇ ಹಸು ಸತ್ತಾಗ ಈ ನೆರವಿಗಾಗಿ ಎಷ್ಟು ಕಚೇರಿ ಅಲೆಯಬೇಕೆಂಬುದನ್ನು ಅಲೆದವರೇ ಹೇಳಬೇಕು.

ಈಗ ಪೆಟ್ಟಿಗೆಯ ತಳದ ಪತ್ರವನ್ನು ಹೊರಗೆ ತೆಗೆಯಿರಿ. ಮೂರು ಸಂಗತಿ ನೋಡಿದರೆ ಸಾಕು. ಒಂದು, ಅದು ಕಟ್ಟಡಕ್ಕೆ ಮಾತ್ರವೋ ಸಾಮಾನಿಗೂ ಉಂಟೋ. ಸಾಲದೊಂದಿಗೆ ಬಂದ ಪತ್ರಗಳಲ್ಲಿ ಕೆಲವು ಬ್ಯಾಂಕಿನ ಸಾಲವನ್ನು ಕಾಯುವುದಕ್ಕೆಂದೇ ಮಾಡಿದವು. ಹಣವೂ ಮೊದಲು ಬ್ಯಾಂಕಿಗೇ ಹೋಗುತ್ತದೆ. ಎರಡು, ಅವಧಿ ಎಂದಿಗೆ ಮುಗಿಯುತ್ತದೆ. ಗೃಹ ರಕ್ಷಾ ಪತ್ರವನ್ನು ಹತ್ತು ವರುಷದವರೆಗೂ ಒಟ್ಟಿಗೆ ಕೊಳ್ಳಬಹುದು; ಆದರೆ ಒಂದೇ ವರುಷಕ್ಕೆ ಮಾಡಿ ಆಮೇಲೆ ಮರೆತದ್ದೂ ಉಂಟು. ಮೂರು, 'ಹೊರತುಪಡಿಸಿದವು' ಎಂಬ ತಲೆಬರಹದ ಪುಟ. ಇದನ್ನು ಮಗ ಮಗಳ ಕೈಯಲ್ಲಿ ಓದಿಸಿ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಏಜೆಂಟನಿಗೆ ಕನ್ನಡ ಬಾರದಿದ್ದರೆ ಬರುವವನನ್ನು ಕಳುಹಿಸಿರೆಂದು ಕೇಳಲು ಸಂಕೋಚ ಬೇಡ. ಹಣ ಕಟ್ಟುವವರು ನಾವು.

ಕಂಪೆನಿ ಕೊಡಬೇಕಾದ್ದನ್ನು ಕೊಡದಿದ್ದರೆ ಮೊದಲು ಅದೇ ಕಂಪೆನಿಯ ದೂರು ಅಧಿಕಾರಿಗೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದರೂ ತೃಪ್ತಿಯಾಗದಿದ್ದರೆ, ವರುಷದೊಳಗೆ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 2023ರ ತಿದ್ದುಪಡಿಯಿಂದ 50 ಲಕ್ಷ ರೂಪಾಯಿಯವರೆಗಿನ ವ್ಯಾಜ್ಯವನ್ನು ಅಲ್ಲಿ ಕೇಳುತ್ತಾರೆ. ಕಾಸರಗೋಡು, ವಯನಾಡಿನವರಿಗೆ ಕೊಚ್ಚಿಯ ಕಚೇರಿ; ನೀಲಗಿರಿ, ಹೊಸೂರು, ತಾಳವಾಡಿಯವರಿಗೆ ಚೆನ್ನೈ; ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನವರಿಗೆ ಪುಣೆ; ಆದವಾನಿ, ರಾಯದುರ್ಗ, ಮಡಕಶಿರದವರಿಗೂ ತೆಲಂಗಾಣದವರಿಗೂ ಹೈದರಾಬಾದು; ಗೋವೆಯವರಿಗೂ ಪುಣೆ. ದೂರಿನೊಂದಿಗೆ ಪತ್ರದ ಪ್ರತಿ, ಕಂಪೆನಿಯ ಉತ್ತರ, ಮೇಲೆ ಹೇಳಿದ ಪುಸ್ತಕದ ಪುಟಗಳು, ಫೋಟೋ ಇಷ್ಟನ್ನು ಲಗತ್ತಿಸಿ.